ಮೇಣದ ಮುಖ

ಊರವರ ತಲೆ ಕ್ಷೌರ ಮಾಡುತ್ತ ಆಯುಷ್ಯ ಕಳೆದ ಮುದುಕನಿಗೆ, ತನ್ನ ಬೆರಳುಗಳಲ್ಲಿ ಮೇಣದಿಂದ ಮುಖ ರೂಪಿಸುವ ವಿದ್ಯೆಯೂ ಇದೆಯೆಂದು ತಿಳಿದದ್ದು ಅಂಗಡಿ ಮುಚ್ಚಿದ ಮೇಲೆ. ಅವನ ಕಂಚಿನ ತಲೆಗಳನ್ನು ಕಂಡವರು ಮೂಗಿನ ಮೇಲೆ ಬೆರಳಿಟ್ಟಿದ್ದರು. ಈಗ ಮೇಜಿನ ಮೇಲಿದ್ದದ್ದು ತೀರಿಹೋದ ಹೆಂಡತಿಯ ಮುಖ, ಇನ್ನೂ ಮೇಣದಲ್ಲಿ.

ಎರಕದವನು ಮಣ್ಣು ಕಲಸಿಕೊಂಡು ಬೆಳಗಿನಿಂದ ಕಾದಿದ್ದ. ಮಣ್ಣು ಮೆತ್ತಿ ಸುಟ್ಟರೆ ಮೇಣ ಕರಗಿ ಹರಿದುಹೋಗುತ್ತದೆ; ಆ ಟೊಳ್ಳಿಗೆ ಕಂಚು ಹೊಯ್ಯಬೇಕು. ಎರಕ ಕೈಕೊಟ್ಟರೆ ಕಂಚೂ ಇಲ್ಲ, ಮೇಣವೂ ಇಲ್ಲ. ಮುದುಕ ಕೂರುತ್ತಿದ್ದ, ಏಳುತ್ತಿದ್ದ, ಕಿಟಕಿಯವರೆಗೆ ಹೋಗಿ ಬಂದು ಮತ್ತೆ ಮೇಣದ ಮೂಗು ತಿದ್ದುತ್ತಿದ್ದ.

“ಯಜಮಾನ್ರೇ, ಮುಟ್ಟಿ ಮುಟ್ಟಿ ಮೂಗು ಸವೆದುಹೋಗುತ್ತೆ. ಕೊಡ್ತೀರೋ, ನಾನು ಮನೆಗೆ ಹೋಗ್ಲೋ?”

“ಇನ್ನೊಂದು ಚೂರು ತಡಿ. ಏನೋ ಸರಿಯಿಲ್ಲ.”

ಊಟ ತಂದಿದ್ದ ನಾದಿನಿ ಬುತ್ತಿ ಕೆಳಗಿಟ್ಟು ನೋಡಿದಳು. “ಇದ್ಯಾರು ಭಾವ, ಈ ಸಾಧ್ವಿ? ನಮ್ಮಕ್ಕ ಬಾಯಿ ಮುಚ್ಕೊಂಡು ಕೂತಿದ್ದನ್ನ ನಾನಂತೂ ಕಂಡಿಲ್ಲ.”

ಮುದುಕನಿಗೆ ನಗು ಬಂತು, ಕಣ್ಣೂ ತುಂಬಿತು. ಅಗಲಿಕೆಯ ದುಃಖದಲ್ಲಿ ಅವಳನ್ನು ದೇವರ ಪಟದ ಹಾಗೆ ಮಾಡಿಬಿಟ್ಟಿದ್ದ. ಉಗುರಿನ ತುದಿಯಿಂದ ತುಟಿಗಳನ್ನು ಕೊಂಚ ಬಿಡಿಸಿ, ಎಡಹುಬ್ಬನ್ನು ಮೇಲಕ್ಕೆ ಒತ್ತಿದ. ಈಗ ಅವಳು ಇನ್ನೇನು ಬೈಯುವವಳಂತೆ ಕಂಡಳು.

“ಹಾಂ, ಇವಳೇ,” ಎಂದಳು ನಾದಿನಿ.

ಮುದುಕ ಕಣ್ಣು ಮುಚ್ಚಿ, ‘ಅವಳನ್ನು ನೀನು ಕರೆದೆ, ನಾನು ಕಳಿಸಿಕೊಟ್ಟೆ. ಇದನ್ನಾದರೂ ನನಗೆ ಉಳಿಸು, ತಂದೆ’ ಎಂದು ಬೇಡಿಕೊಂಡ. ಮೊದಲ ಹಿಡಿ ಮಣ್ಣನ್ನು ತಾನೇ ತೆಗೆದುಕೊಂಡು ಅವಳ ಹಣೆಗೆ ಮೆತ್ತಿದ. ಅಳುಕು ಹೋಗಿರಲಿಲ್ಲ. ಕೈ ಮಾತ್ರ ನಿಲ್ಲಲಿಲ್ಲ.