ಔಟ್‌ಡೋರ್ ತೊಳೆಯಲಾಗಿದೆ

ತಾಂಡ್ಯದ ಕಾರ್ಖಾನೆಯೊಂದರಲ್ಲಿ ಮಾದೇಶ್ ಏಣಿ ಹತ್ತಿ ಎಸಿಯ ಫಿಲ್ಟರ್ ಬಿಚ್ಚುತ್ತಿದ್ದಾಗ ಜೇಬಿನ ಫೋನು ಹೊಡೆದುಕೊಂಡಿತು. ನಂಜನಗೂಡಿನ ಸರ್ವೀಸ್ ಏಜೆನ್ಸಿಯ ಮಾಲೀಕ ಸೋಮಶೇಖರ್. ಮೂರು ಸಲ ಬಿಟ್ಟು ನಾಲ್ಕನೇ ಸಲ ಎತ್ತಿದ.

"ನರಸೀಪುರದ ಲ್ಯಾಬ್ ಎಸಿ ಪೂರ್ತಿ ನಿಂತೋಯ್ತಂತೆ ಕಣೋ. ರಾಚಯ್ಯನೋರು ಬೆಳಿಗ್ಗೆಯಿಂದ ನನ್ನ ಪ್ರಾಣ ತಿಂತಾವ್ರೆ. ಏನ್ ಸರ್ವೀಸ್ ಮಾಡಿದ್ದೆ ಅಲ್ಲಿ?"

"ಮಾಡಿದ್ದೀನಿ ಸಾ."

"ಮೂರು ಗಂಟೆಗೆ ಮೈಸೂರಿಂದ ಕಂಪ್ನಿ ಎಂಜಿನಿಯರ್ ಬತ್ತಾರೆ, ವಾರಂಟಿ ನೋಡೋಕೆ. ಅಷ್ಟರೊಳಗೆ ಹೋಗಿ ಅದೇನು ನೋಡು. ಸರ್ವೀಸ್ ಕಾರ್ಡಲ್ಲಿ ಸುಳ್ಳು ಸಿಕ್ತು ಅಂದ್ರೆ ನಿನ್ನ ಕಂಪ್ನಿ ಐಡಿ ಬ್ಲಾಕ್ ಮಾಡ್ತಾರೆ. ಆಮೇಲೆ ನಾನಿರ್ಲಿ, ಜಿಲ್ಲೇಲಿ ಯಾವ ಏಜೆನ್ಸಿಯೋನೂ ನಿನ್ನ ಇಟ್ಕೊಳಲ್ಲ."

ಮಾದೇಶ್ ಫಿಲ್ಟರನ್ನು ಹಾಗೇ ಸಿಕ್ಕಿಸಿ ಇಳಿದ. ಕಾರ್ಡಿನಲ್ಲಿ ಸುಳ್ಳಿತ್ತು. ಒಂದಲ್ಲ, ಮೂರು.

ನೀರು ಹೊಡೆಯುವ ಪಂಪನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೊರಟ. ಏಪ್ರಿಲ್ ಬಿಸಿಲಿಗೆ ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತಿತ್ತು. ದಾರಿಯುದ್ದಕ್ಕೂ ಅವನು ಮನಸ್ಸಿನಲ್ಲೇ ರಾಚಯ್ಯನ ಹತ್ತಿರ ಜಗಳವಾಡಿದ. ಪ್ರತಿ ಸಲವೂ ತಾನೇ ಗೆದ್ದ. ನರಸೀಪುರ ತಲುಪುವಷ್ಟರಲ್ಲಿ ಬಾಯೊಣಗಿ ಒಂದು ಮಾತೂ ಉಳಿದಿರಲಿಲ್ಲ.

ರಾಚಯ್ಯ ಗೊಬ್ಬರದ ವ್ಯಾಪಾರಿ. ಊರಿನ ಹಳೆಯ ಕುಳ. ಎರಡಂತಸ್ತಿನ ಕಟ್ಟಡದ ಮೇಲ್ಗಡೆ ಮನೆ, ಕೆಳಗಡೆ ಸೊಸೆ ರಮ್ಯ ನಡೆಸುವ ರಕ್ತ ಪರೀಕ್ಷೆಯ ಲ್ಯಾಬು. ಲ್ಯಾಬಿನ ಗೋಡೆಯ ಮೇಲೆ ಎರಡು ಟನ್ನಿನ ಎಸಿ. ಗಾಳಿ ಬಿಡುವ ಭಾಗ ಒಳಗೆ. ಬಿಸಿ ಹೊರಹಾಕುವ ಔಟ್‌ಡೋರ್ ಮಾತ್ರ ಮಹಡಿಯ ಹಿಂದಿನ ಬಾಲ್ಕನಿಯಲ್ಲಿ. ಅದರಾಚೆ ಎರಡಡಿ ಸಂದು, ಸಂದಿನಾಚೆ ಅಕ್ಕಿ ಗಿರಣಿಯ ಗೋಡೆ. ಹೊರಗಿನಿಂದ ಏಣಿ ಒರಗಿಸಲು ಜಾಗವಿಲ್ಲ. ಗಿರಣಿಯಿಂದ ಹಾರುವ ಹೊಟ್ಟಿನ ದೂಳೆಲ್ಲ ಬಂದು ಕೂರುವುದು ಆ ಔಟ್‌ಡೋರ್ ಮೇಲೆಯೇ. ಬೇರೆ ಕಡೆ ವರ್ಷಕ್ಕೆರಡು ಸಲ ತೊಳೆದರೆ ಸಾಕು, ಇದಕ್ಕೆ ಎರಡು ತಿಂಗಳಿಗೊಮ್ಮೆ ತೊಳೆಯಬೇಕು. ಅಲ್ಲಿಗೆ ಹೋಗಬೇಕೆಂದರೆ ರಾಚಯ್ಯನ ಮನೆಯ ನಡುಮನೆ ದಾಟಬೇಕು. ದೇವರ ಕೋಣೆಯ ಮುಂದೆ ಹಾದು ಹದಿನೈದು ಹೆಜ್ಜೆ.

ಮಾದೇಶ್ ಆ ಹದಿನೈದು ಹೆಜ್ಜೆಯನ್ನು ಒಮ್ಮೆಯೂ ಇಟ್ಟಿರಲಿಲ್ಲ.

ಮೊದಲ ಸರ್ವೀಸಿಗೆ ಬಂದಾಗ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಿದ್ದ. ರಾಚಯ್ಯನ ತಾಯಿ ಪುಟ್ಟಬಸಮ್ಮ ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮುದುಕಿ ನಗುನಗುತ್ತಲೇ ಮಾತಾಡಿಸಿದಳು.

"ಯಾವೂರಪ್ಪಾ ನಿಂದು?"

"ಹೆಮ್ಮಿಗೆ, ಅಜ್ಜಿ."

"ಎಮ್ಮಿಗೇನಾ. ನಮ್ ನೆಂಟ್ರು ಅವ್ರಲ್ಲಿ. ಎಮ್ಮಿಗೇಲಿ ಯಾವ್ ಬೀದಿ?"

"ಭೀಮನಗರ."

ಮುದುಕಿಯ ನಗು ಮಾಯವಾಗಲಿಲ್ಲ. ಅದೇ ನಗುವಿನಲ್ಲೇ, "ಒಳ್ಳೇದಾಯ್ತು ಬುಡು. ಇವತ್ತು ಒಳಗೆ ಪೂಜೆ ಆಯ್ತಾ ಅದೆ ಕಣಪ್ಪ. ಇನ್ನೊಂದ್ ದಪ ಬಾ" ಅಂದಳು. ಮಜ್ಜಿಗೆಯನ್ನೂ ಕೊಡಿಸಿದಳು, ಕಾಗದದ ಲೋಟದಲ್ಲಿ. ಎರಡನೇ ಸಲ ಸ್ವಾಮಿಗಳು ಬಂದಿದ್ದರು. ಮೂರನೇ ಸಲ ಮನೆ ತೊಳೆದು ನೆಲ ಒದ್ದೆಯಾಗಿತ್ತು.

ಮೂರು ಸಲವೂ ಅವನು ಕೆಳಗಿಳಿದು ಬಂದು ಒಳಗಿನ ಭಾಗವನ್ನಷ್ಟೇ ತೊಳೆದ. ಕಾರ್ಡಿನಲ್ಲಿ "ಔಟ್‌ಡೋರ್ ತೊಳೆಯಲಾಗಿದೆ" ಅನ್ನುವ ಸಾಲಿನ ಮುಂದೆ ಟಿಕ್ ಹಾಕಿದ. ಕೆಳಗೆ ಸಹಿ ಮಾಡಿದ. ಗ್ರಾಹಕರ ಸಹಿಯ ಜಾಗದಲ್ಲಿ ರಮ್ಯ ಸಹಿ ಮಾಡಿದಳು. ತೊಳೆದಿಲ್ಲವೆಂದು ಅವಳಿಗೂ ಗೊತ್ತಿತ್ತು. ಯಾಕೆ ತೊಳೆದಿಲ್ಲವೆಂದೂ ಗೊತ್ತಿತ್ತು.

ಟಿಕ್ ಹಾಕದೆ ಬಿಟ್ಟಿದ್ದರೆ ಸೋಮಶೇಖರ್ ಕಾರಣ ಕೇಳುತ್ತಿದ್ದ, ಅದೂ ಅಂಗಡಿಯಲ್ಲಿ ನಾಲ್ಕು ಜನ ಮೆಕ್ಯಾನಿಕ್‌ಗಳ ಮುಂದೆ. ಮಾದೇಶ್ ಬಾಯಿ ಬಿಟ್ಟು ಹೇಳಬೇಕಿತ್ತು. ಬಾಗಿಲಲ್ಲಿ ಆದದ್ದು ಅಲ್ಲಿಗೇ ಮುಗಿಯಲಿ, ಅದನ್ನು ನಂಜನಗೂಡಿನವರೆಗೂ ಯಾಕೆ ಹೊತ್ತುಕೊಂಡು ಹೋಗಲಿ ಅಂದುಕೊಂಡಿದ್ದ. ಟಿಕ್ ಹಾಕುವುದಕ್ಕೆ ಅರ್ಧ ಕ್ಷಣ ಸಾಕಿತ್ತು.

ಈಗ ಲ್ಯಾಬಿನೊಳಗೆ ಕಾಲಿಟ್ಟರೆ ಬೇಕರಿಯ ಒಲೆಯ ಮುಂದೆ ನಿಂತ ಹಾಗಿತ್ತು. ರಕ್ತ ಪರೀಕ್ಷೆ ಮಾಡುವ ಯಂತ್ರ ಬಿಸಿಗೆ ಕೈಕೊಟ್ಟು ಕೆಂಪು ದೀಪ ತೋರಿಸುತ್ತಿತ್ತು. ಬೆಂಚಿನ ಮೇಲೆ ಐದಾರು ಜನ ತೋಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದರು.

"ಒಂದು ವಾರದಿಂದ ಆಫ್ ಆಗೋದು, ಅರ್ಧ ಗಂಟೆ ಬಿಟ್ಟು ಆನ್ ಆಗೋದು. ಇವತ್ತು ಆನ್ ಮಾಡಿದ್ರೆ ಮೇನ್ ಸ್ವಿಚ್ಚೇ ಬೀಳ್ತಾ ಇದೆ," ಅಂದಳು ರಮ್ಯ. "ಬೆಳಿಗ್ಗೆ ತಗೊಂಡಿರೋ ಸ್ಯಾಂಪಲ್ ಎಲ್ಲಾ ಫ್ರಿಜ್‌ನಲ್ಲಿಟ್ಟಿದೀನಿ ಮಾದೇಶ್. ಏನಾದ್ರೂ ಮಾಡಿ."

ಅವನು ಮೇನ್ ಇಳಿಸಿ, ಗೋಡೆಯ ಬಳಿ ಔಟ್‌ಡೋರ್ ಕಡೆ ಹೋಗುವ ವೈರುಗಳನ್ನು ಬಿಚ್ಚಿ ಮೀಟರ್ ಹಿಡಿದ. ಒಂದು ಕಡ್ಡಿ ಕಂಪ್ರೆಸರಿನ ವೈರಿಗೆ, ಇನ್ನೊಂದು ಅರ್ತ್ ವೈರಿಗೆ. ಮೀಟರು ಕುಂಯ್ ಅಂದಿತು. ಮತ್ತೆ ಹಿಡಿದ. ಮತ್ತೆ ಕುಂಯ್.

"ಕಂಪ್ರೆಸರ್ ಸುಟ್ಟೋಗೈತೆ."

"ಯಾಕೆ?"

ಮಾದೇಶ್ ತಲೆಯೆತ್ತಿ ಅವಳ ಮುಖ ನೋಡಿದ. "ಉಸಿರು ಕಟ್ಟಿ ಮೇಡಂ. ಮೇಲೆ ಅದ್ರ ಮೈ ತುಂಬ ಹೊಟ್ಟು ಕೂತೈತೆ. ಬಿಸಿ ಹೊರಗೆ ಹೋಗಕ್ಕೆ ದಾರಿ ಇಲ್ಲ. ವಾರದಿಂದ ಆಫಾಗಿ ಆಫಾಗಿ ಅದೇ ಹೇಳ್ತಿತ್ತು. ಯಾಕೆ ಅಂತ ನೀವು ಕೇಳ್ಬೇಡಿ."

ಅವಳು ರಿಪೋರ್ಟು ಜೋಡಿಸುವ ನೆಪದಲ್ಲಿ ಆಚೆ ತಿರುಗಿದಳು.

ಅಷ್ಟರಲ್ಲಿ ರಾಚಯ್ಯ ಬಂದ. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸರ್ವೀಸ್ ಕಾರ್ಡು.

"ಮೂರು ಸರ್ವೀಸು ಮಾಡಿದೀನಿ ಅಂತ ಬರ್ದಿದ್ದೀಯ. ಮಾಡಿದ್ರೆ ಯಾಕಪ್ಪಾ ಸುಡ್ತದೆ?"

"ನಾನು ಔಟ್‌ಡೋರ್ ಮುಟ್ಟೇ ಇಲ್ಲ ಸಾ. ನಿಮ್ಮನೇಲಿ ಬಿಟ್ಟಿಲ್ಲ."

"ಬಿಟ್ಟಿಲ್ಲ ಅಂದ್ರೆ? ಕಾರ್ಡಲ್ಲಿ ತೊಳ್ದೆ ಅಂತ ಐತೆ. ಸೈನು ನಿಂದಾ, ನಮ್ಮಪ್ಪಂದಾ?"

ಬೆಂಚಿನ ಮೇಲಿದ್ದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಮಾದೇಶನ ಕಿವಿ ಬಿಸಿಯಾಯಿತು.

"ಸೈನು ನಂದೇ. ತಪ್ಪೂ ನಂದೇ. ಈಗ್ಲೂ ಬಿಡ್ತೀರಾ ಹೇಳಿ, ಹೋಗಿ ಬಿಚ್ಚಿ ನೋಡ್ತೀನಿ."

ರಾಚಯ್ಯ ಕಾರ್ಡನ್ನು ಮಡಚಿ ಬಿಡಿಸಿ ಮಾಡಿದ. ಆಮೇಲೆ ದನಿ ಇಳಿಸಿ, ಏನೋ ಉಪಕಾರ ಮಾಡುವವನ ಹಾಗೆ ಹೇಳಿದ. "ನೋಡು, ನಂಗೇನೂ ಇಲ್ಲಪ್ಪ. ನಾನು ಅಂಗಡೀಲಿ ಎಲ್ಲಾರ ಜೊತೇಲೂ ಕೂತು ಟೀ ಕುಡಿಯೋನು. ಅವ್ವ ವಯಸ್ಸಾದೋರು, ಅವ್ರ ಮನಸ್ಸು ಯಾಕೆ ನೋಯ್ಸಬೇಕು. ನಿನ್ನ ಗಾಡೀಲಿ ಪಂಪ್ ಐತಲ್ಲ, ಅದ ಕೊಡಿಲ್ಲಿ. ಎಂಜಿನಿಯರ್ ಬರೋದ್ರೊಳಗೆ ನಾನೇ ತೊಳ್ದುಬುಡ್ತೀನಿ. ನಿಮ್ ಸೋಮಶೇಖರ್‌ಗೂ ಹೇಳಿದೀನಿ."

ಅವನ ಮಾತು ಮುಗಿಯುವ ಮುಂಚೆಯೇ ಸೋಮಶೇಖರನ ಫೋನು ಬಂತು.

"ಮಾದೇಶ, ಪಂಪು ಅವ್ರಿಗೆ ಕೊಡು. ತೊಳ್ಕೊಳ್ಲಿ. ನೀನು ಕಾರ್ಡಲ್ಲಿ ವೋಲ್ಟೇಜ್ ಹೆಚ್ಚುಕಮ್ಮಿ ಅಂತ ಬರಿ. ಅವ್ರಿಗೆ ವಾರಂಟೀಲಿ ಕಂಪ್ರೆಸರ್ ಬರ್ತದೆ, ನಿನ್ನ ಐಡಿ ಉಳೀತದೆ, ನಂಗೂ ತಲೆನೋವಿಲ್ಲ. ತಿಳೀತಾ?"

"ನಾನು ಯಾಕೆ ಮೇಲೆ ಹೋಗಿಲ್ಲ ಅಂತ ನಿಮಗೆ ಗೊತ್ತಾ ಸಾ?"

"ಗೊತ್ತು ಕಣೋ. ನಾನೇನು ಈ ಸೀಮೆಯೋನಲ್ವಾ? ಮೊದ್ಲೇ ಹೇಳಿದ್ರೆ ಬೇರೆಯವರನ್ನ ಕಳಿಸ್ತಿದ್ದೆ. ಈಗ ಸುಮ್ನೆ ಪಂಪ್ ಕೊಟ್ಟು ಬಾ."

ಬೇರೆಯವರನ್ನ ಕಳಿಸ್ತಿದ್ದೆ. ಮಾದೇಶ್ ಫೋನಿಟ್ಟ. ಮೂರು ಸಲ ಟಿಕ್ ಹಾಕಿ ಬಚ್ಚಿಟ್ಟಿದ್ದ ಮಾತು ಎಲ್ಲರಿಗೂ ಮೊದಲೇ ಗೊತ್ತಿತ್ತು. ಹಾಗಾದರೆ ಅವನು ಸುಳ್ಳು ಬರೆದು ಕಾಪಾಡಿದ್ದು ಯಾರ ಮಾನವನ್ನು? ರಾಚಯ್ಯನದು. ಮುದುಕಿಯದು. ಸಿಟ್ಟು ಮೊದಲು ತನ್ನ ಮೇಲೆಯೇ ಬಂತು. ಆಮೇಲೆ ಎಲ್ಲರ ಮೇಲೂ ಬಂತು.

"ಪಂಪ್ ಕೊಡಲ್ಲ," ಅಂದ.

"ಏನಂದೆ?"

"ತೊಳಿಯೋ ಹಂಗಿದ್ರೆ ನಾನೇ ಮೇಲೆ ಬಂದು ತೊಳೀತೀನಿ. ಇಲ್ಲಾ ಅಂದ್ರೆ ಅದು ಇರೋ ಹಂಗೇ ಇರ್ಲಿ. ಬರೋರು ಬಂದು ನೋಡ್ಲಿ."

"ಏನ್ಲಾ, ಕೆಲಸ ಕಳ್ಕೊಂಡಾದ್ರೂ ನಂಗೆ ಕಂಪ್ರೆಸರ್ ತಪ್ಪಿಸ್ಬೇಕು ಅಂತಾನಾ?"

"ನಿಮ್ಮ ಕಂಪ್ರೆಸರ್ ಕಟ್ಕೊಂಡು ನಂಗೇನು ಸಾ. ಹದಿನೈದು ಹೆಜ್ಜೆ ನಡಿಯೋಕೆ ಬಿಟ್ಟಿದ್ರೆ ಇನ್ನೂ ಐದು ವರ್ಷ ಓಡ್ತಿತ್ತು ಅದು."

ರಾಚಯ್ಯ ಬೈಕಿನ ಕಡೆ ಹೆಜ್ಜೆ ಹಾಕಿದ. ಮಾದೇಶ್ ಅವನಿಗಿಂತ ಮುಂಚೆ ಹೊರಗೆ ಹೋಗಿ ಸೀಟಿನ ಮೇಲೆ ಕೂತ, ಬೆನ್ನು ಪಂಪಿಗೆ ಒರಗಿಸಿ. ಇಬ್ಬರೂ ಕೈ ಎತ್ತಲಿಲ್ಲ. ರಾಚಯ್ಯ ಬಕೆಟ್ ನೀರಿನಲ್ಲಾದರೂ ತೊಳೆಯುತ್ತೇನೆಂದು ಮೇಲೆ ಹತ್ತಿದ. ಹತ್ತು ನಿಮಿಷಕ್ಕೆ ಪಂಚೆಯನ್ನೆಲ್ಲ ಕೆಸರು ಮಾಡಿಕೊಂಡು ಇಳಿದ. ನೀರು ಬಿದ್ದ ಹೊಟ್ಟು ಹಿಟ್ಟಿನ ಹಾಗೆ ಇನ್ನಷ್ಟು ಮೆತ್ತಿಕೊಂಡಿತ್ತು. ಅದು ಹೀಗೇ ಆಗುತ್ತದೆಂದು ಮಾದೇಶನಿಗೆ ಗೊತ್ತಿತ್ತು. ಹೇಳಲಿಲ್ಲ.

ಮೂರೂಕಾಲಿಗೆ ಎಂಜಿನಿಯರ್ ರವಿಚಂದ್ರ ಕಾರಿನಲ್ಲಿ ಬಂದ. ಶೂ ಬಿಚ್ಚಿದ, ಮೆಟ್ಟಿಲು ಹತ್ತಿದ. ಯಾವ ಊರು, ಯಾವ ಬೀದಿ ಅಂತ ಪುಟ್ಟಬಸಮ್ಮ ಕೇಳಿದ್ದರೂ ಅದು ಕೆಳಗಿನವರೆಗೆ ಕೇಳಿಸಲಿಲ್ಲ. ಕೇಳಿಸಿದ್ದು ಸ್ಟೀಲ್ ಲೋಟದ ಸದ್ದು. ಕಾಲು ಗಂಟೆಯ ಮೇಲೆ ಅವನು ಬಾಯಿ ಒರೆಸಿಕೊಳ್ಳುತ್ತ ಇಳಿದು ಬಂದು, ತೆಗೆದ ಫೋಟೋವನ್ನು ಮಾದೇಶನಿಗೆ ತೋರಿಸಿದ. ತಗಡಿನ ಎಸಳುಗಳೇ ಕಾಣುತ್ತಿರಲಿಲ್ಲ. ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿತ್ತು.

"ಇದನ್ನ ನೀನು ಹೋದ ತಿಂಗಳು ತೊಳ್ದೆ ಅಂತ ಬರ್ದಿದ್ದೀಯಾ?"

"ತೊಳ್ದಿಲ್ಲ ಸಾ. ಸುಳ್ಳು ಬರ್ದೆ. ಮನೆಯೋರು ನನ್ನ ಜಾತಿ ಕೇಳಿ ಒಳಗೆ ಬಿಡ್ಲಿಲ್ಲ. ಮೂರು ಸಲ."

ಅವನು ಇಷ್ಟು ನೇರವಾಗಿ ಹೇಳುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ. ರವಿಚಂದ್ರ ಮುಖ ಹುಳ್ಳಗೆ ಮಾಡಿಕೊಂಡ. ರಮ್ಯಳ ಕಡೆ ತಿರುಗಿದ. "ಮೇಡಂ, ಕಾರ್ಡಲ್ಲಿ ನಿಮ್ಮ ಸೈನೂ ಇದೆ. ಈತ ಹೇಳ್ತಿರೋದು ನಿಜಾನಾ?"

ರಮ್ಯ ಮಾವನ ಕಡೆ ನೋಡಿದಳು. ಮಾವ ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತಿದ್ದ.

"ನಂಗೊತ್ತಿಲ್ಲ ಸರ್. ನಾನು ಕೆಳಗಿದ್ದೆ."

ಮಾದೇಶನ ಕೈಯಲ್ಲಿದ್ದ ಸ್ಕ್ರೂಡ್ರೈವರು ಬೆರಳಿಗೆ ಒತ್ತಿ ಗುರುತು ಬಿತ್ತು. ಅವನು ಅದನ್ನು ಚೀಲಕ್ಕೆ ಹಾಕಿದ.

ರವಿಚಂದ್ರ ಫೋನಿನಲ್ಲಿ ಕಂಪನಿಯ ಆ್ಯಪ್ ತೆರೆದ. "ಔಟ್‌ಡೋರ್ ಯಾಕೆ ತೊಳ್ದಿಲ್ಲ ಅಂತ ಕಾರಣ ಹಾಕ್ಬೇಕು. ಇಲ್ಲಿರೋದು ಇಷ್ಟೇ. ಮನೆಗೆ ಬೀಗ. ನಾಯಿ ಕಾಟ. ಏಣಿ ಇಲ್ಲ. ಗ್ರಾಹಕರು ಸಿಗಲಿಲ್ಲ. ಯಾವ್ದಾದ್ರೂ ಒಂದು ಒತ್ಲಾ? ನಾಯಿ ಅಂತ ಹಾಕಿದ್ರೆ ನಿಂಗೂ ಅಷ್ಟು ತೊಂದ್ರೆ ಆಗಲ್ಲ. ಸಸ್ಪೆಂಡ್ ಮಾಡ್ತಾರೆ, ತಿಂಗಳಿಗೆ ತೆಗೀತಾರೆ."

"ನಾಯಿ ಇಲ್ಲ ಸಾ ಇಲ್ಲಿ."

"ಗೊತ್ತಪ್ಪ. ಮಾತಿಗೆ."

"'ಇತರೆ' ಅಂತ ಒಂದು ಇರ್ತದಲ್ಲ, ಅದನ್ನ ಒತ್ತಿ. ನಾನು ಬರೀತೀನಿ."

ಫೋನು ಇಸಿದುಕೊಂಡು ಮಾದೇಶ್ ಬರೆದ. ಊರು, ಬೀದಿ, ಮೂರು ತಾರೀಕು, ಮುದುಕಿ ಕೇಳಿದ ಪ್ರಶ್ನೆ, ತಾನು ಕೊಟ್ಟ ಉತ್ತರ. ತಾನು ಹಾಕಿದ ಮೂರು ಸುಳ್ಳು ಟಿಕ್ಕುಗಳನ್ನೂ ಬರೆದ. ಜಾಗ ಸಾಲದೆ ಎರಡು ಸಲ ಅಳಿಸಿ ಚಿಕ್ಕದು ಮಾಡಿದ. ಅಳಿಸುವಾಗ ಬೀದಿಯ ಹೆಸರನ್ನು ಮಾತ್ರ ಉಳಿಸಿಕೊಂಡ.

"ಇದು ಕಳಿಸಿದ್ರೆ ಐಡಿ ಪರ್ಮನೆಂಟಾಗಿ ಹೋಗ್ತದೆ. ಸುಳ್ಳು ಎಂಟ್ರಿ ಅಂತ ನೀನೇ ಬರ್ದುಕೊಟ್ಟಂಗೆ," ಅಂದ ರವಿಚಂದ್ರ.

"ಕಳಿಸಿ ಸಾ."

ರವಿಚಂದ್ರ ಒತ್ತಿದ. ವಾರಂಟಿ ಬರುವುದಿಲ್ಲ ಎಂದು ರಾಚಯ್ಯನಿಗೆ ಹೇಳಿ ಕಾರು ಹತ್ತಿದ. ಐದು ನಿಮಿಷದಲ್ಲಿ ಮಾದೇಶನ ಫೋನಿನ ಆ್ಯಪು ಅವನನ್ನು ಹೊರಗೆ ಹಾಕಿತು. ಸೋಮಶೇಖರನಿಂದ ಒಂದೇ ಸಾಲು ಬಂತು: ಟೂಲ್ಸ್ ತಂದು ಅಂಗಡೀಲಿ ಇಟ್ಟು ಹೋಗು. ಸಾಲಿನಲ್ಲಿ ಬೈಗುಳವೂ ಇರಲಿಲ್ಲ. ಅದಕ್ಕೇ ಮಾದೇಶನಿಗೆ ಇನ್ನಷ್ಟು ಉರಿಯಿತು.

ಬೈಕು ಒದೆಯುವಷ್ಟರಲ್ಲಿ ರಮ್ಯ ಹೊರಗೆ ಬಂದಳು. ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿಕೊಂಡು ಹತ್ತಿರ ನಿಂತಳು.

"ಬೇಜಾರಾಗ್ಬೇಡಿ ಮಾದೇಶ್. ನಾನು ಇದೇ ಮನೇಲಿ ಇರ್ಬೇಕಲ್ವಾ."

"ಇರಿ ಮೇಡಂ."

"ಮಾವನೋರು ಒಪ್ಕೊಂಡಿದಾರೆ. ಕಂಪ್ರೆಸರ್ ನಾವೇ ತಗೋತೀವಿ. ಔಟ್‌ಡೋರನ್ನ ರಸ್ತೆ ಕಡೆ ಗೋಡೆಗೆ ಹಾಕ್ಸಿಬಿಡೋಣ ಅಂತ. ಆಗ ಯಾರೂ ಮೇಲೆ ಬರೋ ಹಂಗೇ ಇಲ್ಲ, ಯಾರಿಗೂ ಕಷ್ಟ ಇಲ್ಲ. ಐಡಿ ಗೀಡಿ ಏನೂ ಬೇಡ, ನೀವೇ ಬಂದು ಮಾಡ್ಕೊಡಿ. ಈ ಮಿಷಿನ್ ನಿಮಗೆ ಗೊತ್ತಿರೋವಷ್ಟು ಬೇರೆಯವ್ರಿಗೆ ಗೊತ್ತಿಲ್ಲ."

ಮಾದೇಶ್ ಅವಳನ್ನೇ ನೋಡಿದ. ಅವಳು ನಿಜವಾಗಿಯೂ ಉಪಾಯ ಹುಡುಕಿದ ಸಮಾಧಾನದಲ್ಲಿದ್ದಳು. ಗೋಡೆ ಕೊರೆಯಲು, ಹೊಸ ಪೈಪು ಎಳೆಸಲು, ಕಂಪ್ರೆಸರ್ ಕೊಳ್ಳಲು ಆ ಮನೆಯವರು ತಯಾರಿದ್ದರು.

"ರಸ್ತೆ ಕಡೆ ಹಾಕೋಕೆ ಮುಂಚೆ ಅಲ್ಲಿಂದ ಬಿಚ್ಬೇಕಲ್ಲ ಮೇಡಂ," ಅಂದ. "ಗ್ಯಾಸ್ ಲಾಕ್ ಮಾಡಿ, ಬೋಲ್ಟ್ ತೆಗ್ದು, ನಿಮ್ಮ ನಡುಮನೆ ಒಳಗಿಂದ್ಲೇ ಹೊತ್ಕೊಂಡು ಬರ್ಬೇಕು. ಐವತ್ತು ಕೆಜಿ ಐತೆ ಅದು. ಒಬ್ಬನ ಕೈಲಾಗಲ್ಲ, ಇಬ್ರು ಬೇಕು. ಇಬ್ರುದೂ ಬೀದಿ ಕೇಳ್ಕೊಂಡೇ ಕರೆಸಿ."

ಒಳಗಿಂದ ಯಾರೋ, "ಮೇಡಂ, ನಮ್ಮ ರಿಪೋರ್ಟ್ ಇವತ್ತು ಸಿಗ್ತದಾ ಇಲ್ವಾ" ಎಂದು ಕೂಗಿದರು. ರಮ್ಯ ಒಳಗೆ ಹೋಗದೆ ಬಿಸಿಲಲ್ಲೇ ನಿಂತಳು. ಮಾದೇಶ್ ಗಾಡಿ ತಿರುಗಿಸಿದ.