ಗಿಡದಕ್ಕನ ಒಪ್ಪಿಗೆ

ಆ ಆರು ಮಹಡಿಯ ಕಚೇರಿಯಲ್ಲಿ ಕುಂಡದ ಗಿಡಗಳಿಗೆ ನೀರು ಹಾಕುವ ಹೆಂಗಸನ್ನು ಎಲ್ಲರೂ ಗಿಡದಕ್ಕ ಎನ್ನುತ್ತಿದ್ದರು. ಕೆಲಸ ಗುತ್ತಿಗೆಯದು. ಶುಕ್ರವಾರಕ್ಕೆ ಅವಧಿ ಮುಗಿಯುವುದರಲ್ಲಿತ್ತು. ಮುಂದುವರಿಸುತ್ತಾರೋ ಇಲ್ಲವೋ ಎಂಬ ಚಿಂತೆಗೆ ಅಕ್ಕನಿಗೆ ವಾರದಿಂದ ಊಟ ಸೇರುತ್ತಿರಲಿಲ್ಲ. ನೂರಾ ಹತ್ತು ಕುಂಡ, ಅರ್ಧಕ್ಕರ್ಧ ಅವಳೇ ಕಡ್ಡಿ ನೆಟ್ಟು ಬೆಳೆಸಿದ್ದು. ಯಾರದೋ ಕೈಗೆ ಬಿಟ್ಟು ಹೋಗುವುದಾದರೂ ಹೇಗೆ?

ಸರಿಯಾಗಿ ಆ ವಾರವೇ ತಪಾಸಣೆಯವರು ಬರಬೇಕೇ! ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಆಳುವ ಸಾಫ್ಟ್‌ವೇರ್ ಒಂದಿತ್ತು. ಯಾರು ಯಾವ ಫೈಲು ನೋಡಬಹುದು, ಯಾರನ್ನು ಕೆಲಸಕ್ಕೆ ಸೇರಿಸಬೇಕು, ಯಾರನ್ನು ತೆಗೆಯಬೇಕು, ಎಲ್ಲಕ್ಕೂ ಅದರಲ್ಲೇ ಅರ್ಜಿ, ಅದರಲ್ಲೇ ಒಪ್ಪಿಗೆ. ಅದಕ್ಕೆ ಯಜಮಾನರು ಅಡ್ಮಿನ್ ಸಾರ್. ತಪಾಸಣೆಯ ಮೇಡಂ ಎರಡು ವರ್ಷದ ದಾಖಲೆ ತೆಗೆಸಿ, ಕನ್ನಡಕ ಸರಿಮಾಡಿಕೊಂಡು ಕೇಳಿದರು.

“ಒಂಬೈನೂರು ಅರ್ಜಿ ವಿಲೇವಾರಿ ಮಾಡಿದಾರಲ್ಲ, ಈ ‘ಗಿಡ ಒಂದು’ ಅನ್ನೋರು ಯಾರು?”

ಅಡ್ಮಿನ್ ಸಾರ್ ಮುಖ ಇಂಗು ತಿಂದ ಮಂಗನಂತಾಯಿತು.

ಆಗಿದ್ದಿಷ್ಟೇ. ಹೊಸಬರು ಬಂದಾಗ ಅವರಿಗೆ ಯಾವ್ಯಾವ ಅಧಿಕಾರ ಎಂದು ಅರವತ್ತನಾಲ್ಕು ಚೌಕಗಳಲ್ಲಿ ಗುರುತು ಹಾಕಬೇಕು. ಅಷ್ಟು ತಾಳ್ಮೆ ಯಾರಿಗಿದೆ? ಪಕ್ಕದಲ್ಲೇ ‘ಇವರಂತೆಯೇ’ ಎಂಬ ಗುಂಡಿ ಇತ್ತು, ಹಳಬರೊಬ್ಬರ ಹೆಸರು ಆರಿಸಿ ಒತ್ತಿದರೆ ಮುಗಿಯಿತು. ಅಕ್ಕ ‘ಗಿಡ ಒಂದು’ ಎಂಬ ಹೆಸರಲ್ಲಿ ಸೇರಿದ ದಿನ ಪಟ್ಟಿಯ ತುದಿಯಲ್ಲಿದ್ದದ್ದು ಸಾರ್ ಅವರದೇ ಹೆಸರು. ಪುಣ್ಯಾತ್ಮರು ಅದನ್ನೇ ಒತ್ತಿ ಚಹಾಕ್ಕೆ ಎದ್ದು ಹೋದರು.

‘ಮೂರನೇ ಮಹಡಿ ಗಿಡ ಹಳದಿಯಾಗಿದೆ’ ಎಂಬುದಷ್ಟೇ ಬರಬೇಕಾದ ಅಕ್ಕನ ಫೋನಿಗೆ ಇಡೀ ಕಚೇರಿಯ ಗೋಳು ಬರತೊಡಗಿತು. ಪಾಪ, ಇದೂ ತನ್ನ ಕೆಲಸವೇ ಎಂದುಕೊಂಡಳು. ಯಂತ್ರ ನಿಂತಿದೆ ಎಂದರೆ ಮತ್ತೆ ಶುರುಮಾಡುವ ಗುಂಡಿ ಒತ್ತುವಳು. ಅಧಿಕಾರ ಕೇಳಿದರೆ ಕಾರಣದ ಖಾನೆಯನ್ನು ಎರಡೆರಡು ಸಲ ಓದುವಳು. ಸಾಫ್ಟ್‌ವೇರೇ ಅಷ್ಟು ಜಾಣ ಎಂದು ನಂಬಿದ ಸಾರ್ ಅದರ ಕಡೆ ತಲೆಹಾಕುವುದನ್ನೇ ಬಿಟ್ಟರು. ಹೋದ ತಿಂಗಳು ‘ನೂರು ದಿನದಿಂದ ಬಳಸದ ಅಧಿಕಾರಗಳು, ತೆಗೆಯಬಹುದೇ?’ ಎಂದು ಪಟ್ಟಿ ಬಂದಾಗ ಅಕ್ಕ ಒಣಗಿದ ಎಲೆ ಚಿವುಟಿದ ಹಾಗೆ ಎಲ್ಲವನ್ನೂ ತೆಗೆದಳು. ಅದರಲ್ಲಿ ಅಡ್ಮಿನ್ ಸಾರ್ ಅಧಿಕಾರವೂ ಹೋಯಿತು. ಈಗ ಕಚೇರಿಗೆಲ್ಲ ಒಬ್ಬಳೇ ಯಜಮಾನಿ, ಕೈಯಲ್ಲಿ ನೀರಿನ ಕ್ಯಾನು.

“ಮಂಗನ ಕೈಗೆ ಮಾಣಿಕ್ಯ ಸಿಕ್ಕಿದ ಹಾಗಾಯ್ತು!” ಅಕ್ಕನನ್ನು ಅಲ್ಲಿಗೇ ಕರೆಸಿದ ಸಿಬ್ಬಂದಿ ಮ್ಯಾನೇಜರ್ ಹಾರಿಬಿದ್ದ. “ಇವಳನ್ನ ಇವತ್ತೇ ತೆಗೀತೀನಿ.”

ಅಡ್ಮಿನ್ ಸಾರ್ ಮೆಲ್ಲಗೆ ತಲೆಯಾಡಿಸಿದರು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸುವುದು ಹೀಗೆಯೇ ತಾನೇ?

ಮ್ಯಾನೇಜರ್ ಟಪಟಪ ಟೈಪು ಮಾಡಿದ. ಅಕ್ಕನ ಜೇಬಿನಲ್ಲಿ ಫೋನು ಟಿಣ್ ಎಂದಿತು. ‘ಗಿಡ ಒಂದು: ಕೆಲಸದಿಂದ ವಜಾ. ಒಪ್ಪಿಗೆಯೇ?’

ಅವಳ ಕಣ್ಣು ಮಂಜಾಯಿತು. ಆದರೂ ಬೆರಳು ಅಭ್ಯಾಸದಂತೆ ಕಾರಣದ ಖಾನೆಗೆ ಹೋಯಿತು. ಖಾಲಿ. ವಾಪಸ್ ಕಳಿಸಿದಳು.

“ಏನಮ್ಮಾ, ನಿನ್ನ ವಜಾನ ನೀನೇ ವಾಪಸ್ ಮಾಡ್ತೀಯಾ?” ಮ್ಯಾನೇಜರ್ ಗುಡುಗಿದ.

“ಕಾರಣ ಇಲ್ದೆ ಯಾರದ್ದೂ ದಾಟಿಸಿಲ್ಲ ಸಾರ್,” ಅಕ್ಕ ಫೋನನ್ನು ಅವನತ್ತ ತಿರುಗಿಸಿದಳು. “ಹೋದ ವರ್ಷ ನಿಮ್ಮ ಬಾಮೈದ ಎಲ್ಲರ ಮೇಲ್ ಓದ್ಬೇಕು ಅಂತ ಅರ್ಜಿ ಹಾಕಿದ್ರು. ಕಾರಣ ‘ಸುಮ್ನೆ’ ಅಂತ ಬರೆದಿದ್ರು. ಅದನ್ನೂ ವಾಪಸ್ ಕಳಿಸಿದೀನಿ.”

ಮ್ಯಾನೇಜರ್ ಕಿಟಕಿಯಾಚೆ ನೋಡತೊಡಗಿದ. ಮೇಡಂಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಈಗ ಅಡ್ಮಿನ್ ಸಾರ್ ಸರದಿ. ತಮ್ಮ ಅಧಿಕಾರ ತಮಗೆ ಬೇಕೆಂದು ಅರ್ಜಿ ಹಾಕಿದರು. ಕಾರಣ: ‘ತುರ್ತು’. ಟಿಣ್. ವಾಪಸ್. ‘ನಾನೇ ಅಡ್ಮಿನ್’. ವಾಪಸ್.

“ಅಕ್ಕಾ, ಸ್ವಲ್ಪ ನೋಡ್ಕೊಂಡು ಮಾಡೀಮ್ಮಾ.”

“ನೋಡ್ಕೊಂಡೇ ಮಾಡ್ತಿರೋದು ಸಾರ್.”

ಸಾರ್ ಬೆವರು ಒರೆಸಿಕೊಂಡರು. ಮೂರನೇ ಸಲ ಬರೆದರು: ‘ಓದದೇ ಒತ್ತಿದ್ದು ನಾನು. ಅಕ್ಕನ ತಪ್ಪಿಲ್ಲ.’

ಅಕ್ಕ ಎರಡು ಸಲ ಓದಿದಳು. ಇದನ್ನು ಕೊಟ್ಟರೆ ತನ್ನ ಕೈ ಬರಿದು, ನಾಳೆಯ ಅನ್ನ ಇವರ ಬೆರಳ ತುದಿಯಲ್ಲಿ ಎಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಾರಣ ನಿಜವಾಗಿತ್ತು. ಒಪ್ಪಿಗೆ ಒತ್ತಿದಳು, ಬಳಿಕ ತನ್ನ ಅಧಿಕಾರಗಳನ್ನೂ ತಾನೇ ತೆಗೆದಳು. ಫೋನಿನಲ್ಲಿ ಉಳಿದದ್ದು ಹಳದಿಯಾದ ಗಿಡ ಒಂದೇ.

ಮೇಡಂ ಏನನ್ನೋ ಟೈಪು ಮಾಡಿದರು. ಈ ಸಲ ಟಿಣ್ ಎಂದದ್ದು ಅಡ್ಮಿನ್ ಸಾರ್ ಕಂಪ್ಯೂಟರು. ‘ಗಿಡ ಒಂದು: ಕಾಯಂ ನೌಕರಿ. ಒಪ್ಪಿಗೆಯೇ?’

ಸಾರ್ ಬೆರಳು ವಾಡಿಕೆಯಂತೆ ಗುಂಡಿಯತ್ತ ಹೋಯಿತು, ಅರ್ಧದಲ್ಲೇ ನಿಂತಿತು. ಕನ್ನಡಕ ಹಾಕಿಕೊಂಡರು. ಕಾರಣದ ಖಾನೆಗೆ ಮುಖ ತಂದು, ಒಂದೊಂದೇ ಪದ ಗಟ್ಟಿಯಾಗಿ ಓದತೊಡಗಿದರು.

“ಈ... ಕಟ್ಟಡದಲ್ಲಿ... ಕಾರಣ... ಓದೋರು...”

ಅಕ್ಕ ನೀರಿನ ಕ್ಯಾನನ್ನು ಎದೆಗವಚಿಕೊಂಡಳು.

“ಅಯ್ಯೋ ಸಾರ್, ಇದೊಂದನ್ನ ಓದದೇ ಒತ್ತಿಬಿಡಿ!”