ನಕ್ಷೆಯಲ್ಲಿದ್ದ ಬಿಳಿ ಮೆಟ್ಟಿಲು

ಶಿವಪ್ರಸಾದನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದನ್ನು ಆಕ್ಲೆಂಡಿನ ಮೌಂಟ್ ರಾಸ್ಕಿಲ್‌ನ ಕನ್ನಡದವರು ಯಾರೂ ಕೇಳಿರಲಿಲ್ಲ. ಒನೆಹುಂಗಾದ ಒಂದು ಬಸ್ ಕಂಪನಿಯಲ್ಲಿ ವೇಳಾಪಟ್ಟಿ ಮಾಡುವ ಕೆಲಸ ಅವನದು. ಕೇಳಿದ್ದನ್ನೂ ಹೇಳುವ, ಕೇಳದ್ದನ್ನೂ ಹೇಳುವ. ಇನ್ನು ಒಸಾಕಾದ ಸುದ್ದಿ ಎತ್ತಿದಿರೋ, ಮುಗಿಯಿತು. ಮದುವೆಗೆ ಮುಂಚೆ ಎರಡು ವರ್ಷ ಅಲ್ಲಿದ್ದವನು. ಅಲ್ಲಿನ ರೈಲುಗಳನ್ನೆಲ್ಲ ತಾನೇ ಹಳಿಗೆ ಹತ್ತಿಸಿದವನ ಹಾಗೆ ಮಾತಾಡುತ್ತಿದ್ದ.

ಹದಿನೈದರ ಮಗಳು ಮೇಧಾ ಈಗ ಅದೇ ಒಸಾಕಾದಲ್ಲಿದ್ದಳು. ಮೂರು ವಾರ ಅಲ್ಲಿನವರ ಮನೆಯಲ್ಲಿದ್ದು ಬರಲೆಂದು ಶಾಲೆಯವರು ಕಳಿಸಿದ್ದರು. ಈ ಭಾನುವಾರ ಅವಳು ಅಪ್ಪನ ಹಳೆಯ ರೂಮ್‌ಮೇಟ್, ಮೈಸೂರಿನ ಬದರಿನಾಥನ ಮನೆಗೆ ಅನ್ನ ಸಾರು ಉಣ್ಣಲು ಹೋಗಬೇಕಿತ್ತು. ತಾನೇ ಹೋಗಿ ಕರೆತರುತ್ತೇನೆಂದು ಬದರಿನಾಥ ಫೋನಿನಲ್ಲಿ ಹೇಳಿದ. ಶಿವಪ್ರಸಾದ ಒಪ್ಪಲಿಲ್ಲ. ದಾರಿಯ ವಿಷಯ ಬದರಿನಾಥ ಏನೋ ಹೇಳಹೊರಟಾಗ, ಒಸಾಕಾದ ದಾರಿ ನನಗೇ ಹೇಳುತ್ತೀಯಾ ಎಂದು ನಕ್ಕು ಫೋನಿಟ್ಟಿದ್ದ.

ಮಗಳಿಗೆ ನಕ್ಷೆ ಬರೆದು ಕೊಟ್ಟಾಗಿತ್ತಲ್ಲ! ಊರಹೊರಗಿಂದ ಬರುವ ನಿನ್ನ ರೈಲಿಗೆ ಮಿನಾಮಿನೊ ಸ್ಟೇಷನ್ನೇ ಕೊನೆ, ಎಲ್ಲರೂ ಇಳಿಯುತ್ತಾರೆ, ನೀನೂ ಇಳಿ. ನೂಡಲ್ಸ್ ಅಂಗಡಿಯ ಪಕ್ಕ ಬಿಳಿ ಟೈಲ್ಸಿನ ಮೆಟ್ಟಿಲಿದೆ. ಅದನ್ನಿಳಿದರೆ ಸುರಂಗದ ರೈಲು, ಮೂರನೆಯ ಸ್ಟಾಪಿನಲ್ಲಿ ಬದರಿ ಅಂಕಲ್ ನಿಂತಿರುತ್ತಾರೆ. ಯಾರನ್ನೂ ಕೇಳುವ ಗೊಡವೆ ಬೇಡ. ಇಷ್ಟು ಬರೆದವನು ಬದರಿನಾಥನ ಫೋನ್ ನಂಬರನ್ನು ಮಾತ್ರ ಬರೆದಿರಲಿಲ್ಲ. ಅದರ ಅಗತ್ಯವೇ ಬರುವುದಿಲ್ಲ ಎಂಬ ಧಿಮಾಕು.

ಆಕ್ಲೆಂಡಿನ ವೇಳೆಯಂತೆ ಮಧ್ಯಾಹ್ನ ಒಂದಕ್ಕೆ ಅವಳು ಬದರಿನಾಥನ ಸ್ಟೇಷನ್ನು ಮುಟ್ಟಬೇಕಿತ್ತು. ಒಂದೂವರೆಗೆ ಬದರಿನಾಥ ತನ್ನ ಸ್ಟೇಷನ್ನಿನಿಂದಲೇ ಫೋನು ಮಾಡಿದ, ಹುಡುಗಿ ಬಂದಿಲ್ಲ. ಶಿವಪ್ರಸಾದ ಅವಳಿದ್ದ ಮನೆಗೆ ಫೋನು ಹಚ್ಚಿದ. ಹೊರಟು ಒಂದೂವರೆ ತಾಸಾಯಿತು ಎಂದರು. ಅವಳ ಮೊಬೈಲು ಆ ದೇಶದಲ್ಲಿ ನಡೆಯುತ್ತಿರಲಿಲ್ಲ.

ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹೀಟರ್ ಹಚ್ಚಿದ, ಆರಿಸಿದ. ಫ್ರಿಜ್ಜಿನಲ್ಲಿ ಎರಡು ಬಾಟಲಿ ಹಾಲಿದ್ದರೂ ಹಾಲು ತರುತ್ತೇನೆಂದು ಮೂಲೆಯ ಡೇರಿ ಅಂಗಡಿಗೆ ಹೊರಟು, ಫೋನು ಬಂದರೆ ಎಂದು ಅರ್ಧ ದಾರಿಯಿಂದ ಓಡಿ ಬಂದ. ಹೆಂಡತಿ ಐಶ್ವರ್ಯಾ ಅನ್ನದ ಒಲೆ ಆರಿಸಿ ಸುಮ್ಮನೆ ಕೂತಿದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನ ತಾಯಿ ಚಂದ್ರವ್ವ ಮಾತ್ರ, ಆ ಊರಿನ ಪೊಲೀಸರು ಒಳ್ಳೆಯವರೇ ಎಂದು ಮೂರು ಸಲ ಕೇಳಿದಳು.

ಎರಡೂವರೆಗೆ ಮತ್ತೆ ಬದರಿನಾಥನ ಫೋನು. ಮಗೂಗೆ ಎಲ್ಲಿ ಇಳಿಯೋಕೆ ಹೇಳಿದ್ದೀಯಾ ಎಂದು ಕೇಳಿದ. ಶಿವಪ್ರಸಾದ ಹೇಳಿದ.

“ಅಲ್ಲಿ ಇಳಿಯೋದೇ ಬೇಡ ಕಣೋ. ಆರು ವರ್ಷ ಆಯ್ತು, ಆ ರೈಲೇ ಸುರಂಗಕ್ಕಿಳಿದು ಸೀದಾ ನನ್ನ ಸ್ಟೇಷನ್ನಿಗೆ ಬರುತ್ತೆ. ಸ್ಟೇಷನ್ನನ್ನೇ ನೆಲದೊಳಕ್ಕೆ ತಗೊಂಡು ಹೋದ್ರು. ಆ ಮೆಟ್ಟಿಲು ಈಗೆಲ್ಲಿದೆ? ಅವತ್ತು ಅದನ್ನೇ ಹೇಳೋಕೆ ಬಂದೆ.”

ತಾನು ಈಗಲೇ ಮಿನಾಮಿನೊಗೆ ಹೊರಟೆ ಎಂದು ಬದರಿನಾಥ ಫೋನಿಟ್ಟ. ಶಿವಪ್ರಸಾದ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿಯೆದುರು ಹೀಗೆ ನಿಂತದ್ದೇ ಇಲ್ಲ.

“ನಂದ ತಪ್ಪು. ನಕ್ಷಾ ತಪ್ಪೈತಿ,” ಎಂದ.

ಐಶ್ವರ್ಯಾ ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮೇಧಾ! ಹೊರಡುವಾಗ ಅಮ್ಮ ಗಂಡನಿಗೆ ಕಾಣದಂತೆ ಅವಳ ಚೀಲಕ್ಕೆ ತುರುಕಿದ್ದ ಫೋನ್ ಕಾರ್ಡು ಸ್ಟೇಷನ್ನಿನ ಫೋನ್ ಬೂತಿನಲ್ಲಿ ಕೆಲಸಕ್ಕೆ ಬಂದಿತ್ತು. ಮಿನಾಮಿನೊದಲ್ಲಿ ಯಾರೂ ಇಳಿಯಲಿಲ್ಲ, ತಾನೊಬ್ಬಳೇ ಇಳಿದೆ, ಮೆಟ್ಟಿಲು ಹುಡುಕುತ್ತಲೇ ಇದ್ದೇನೆ ಎಂದಳು. ಹತ್ತು ನಿಮಿಷಕ್ಕೊಂದು ರೈಲು ಅದೇ ಪ್ಲಾಟ್‌ಫಾರ್ಮಿಗೆ ಬಂದು ಹೋಗುತ್ತಿತ್ತು. ಒಂದನ್ನೂ ಅವಳು ಹತ್ತಿರಲಿಲ್ಲ.

“ಯಾರನ್ನರ ಕೇಳಬೇಕಿಲ್ಲೇನವ್ವಾ?”

“ಯೂ ಸೆಡ್ ನಾಟ್ ಟು, ಅಪ್ಪಾ.” ಅವಳ ದನಿ ಒಡೆಯಿತು. “ಐ ಥಾಟ್ ಐ ವಾಸ್ ಲುಕಿಂಗ್ ರಾಂಗ್.”

ನಕ್ಷೆ ತಪ್ಪಿರಬಹುದೆಂದು ಮಗಳಿಗೆ ಹೊಳೆದೇ ಇರಲಿಲ್ಲ. ಒಂದೂವರೆ ತಾಸು ತನ್ನ ಕಣ್ಣನ್ನೇ ಅನುಮಾನಿಸಿದ್ದಳು. ನಕ್ಷೆ ಹರಿದು ಹಾಕು, ಅಲ್ಲೇ ಗೇಟಿನ ಹತ್ತಿರ ನಿಂತಿರು, ಬದರಿ ಅಂಕಲ್ ಬರ್ತಾರೆ, ಅವರ ನಂಬರ್ ಬರೆದುಕೋ ಎಂದ. ಐದನೆಯ ಅಂಕಿಗೆ ಕಾರ್ಡು ಮುಗಿದು ಫೋನು ಸತ್ತಿತು.

ರಿಸೀವರ್ ಕೆಳಗಿಡದೆ ಹಾಗೇ ನಿಂತಿದ್ದ. ಐಶ್ವರ್ಯಾ ಬಂದು ಅದನ್ನು ಅವನ ಕೈಯಿಂದ ಬಿಡಿಸಿ ಇಟ್ಟಳು, ಮತ್ತೆ ಫೋನು ಬರಬೇಕಲ್ಲ. ಚಂದ್ರವ್ವ ಬಾಗಿಲಲ್ಲಿ ನಿಂತು ಕೇಳಿದಳು:

“ಬದರಿ ಹೋಗಿ ಮುಟ್ಟಾಕ ಎಷ್ಟೊತ್ತು ಬೇಕೋ ಪ್ರಸಾದಾ?”

ಮೂರು ಸ್ಟಾಪು. ಒಂದೊಂದಕ್ಕೂ ಎಷ್ಟು ನಿಮಿಷ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಅವನು ಹೆಂಡತಿಯ ಮುಖ ನೋಡಿದ.

“ಗೊತ್ತಿಲ್ಲವ್ವಾ,” ಎಂದ.